ಈಸ್ಟರ್ ಬಂದರೂ ಮನಸ್ಸಿಗೆ ಸಂತೋಷ ಬಾರದಿದ್ದರೆ ಬೈಬಲಿನಲ್ಲಿ ಏನು ಓದಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಈಸ್ಟರಿಗೆ ಮುಂಚಿನ 40 ದಿನದ ತಪಸ್ಸುಕಾಲದಲ್ಲಿ ಉಪವಾಸ, ಯೇಸುವಿನ ಯಾತನೆಯನ್ನು ನೆನೆಯುವ ಶಿಲುಬೆಹಾದಿಯ ಪ್ರಾರ್ಥನೆ ಎಲ್ಲ ಸಲೀಸಾಗಿ ನಡೆಯಿತು. ಈಸ್ಟರ್ ಮುಗಿದ ಮಾರನೇ ದಿನವೇ ಮನಸ್ಸು ಖಾಲಿ. ಎಲ್ಲರೂ ಅಲ್ಲೆಲೂಯ ಎಂದು ದೇವರ ಸ್ತುತಿ ಹಾಡುವಾಗ ನಿಮ್ಮ ಗಂಟಲಿಂದ ದನಿ ಹೊರಡುವುದಿಲ್ಲ. ಸಂತೋಷ, ಧೈರ್ಯ, ಭರವಸೆ ಕೊಡುವ ವಚನಗಳ ಒಂದು ಪಟ್ಟಿ ಬೇಕು ಅಂತ ಕೇಳಿದ್ದೀರಿ.

ಪಟ್ಟಿ ಕೊಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಅಂಥ ಪಟ್ಟಿಗಳನ್ನು ಫೋನಿನಲ್ಲಿ ಇಟ್ಟುಕೊಂಡು ಮತ್ತೆಂದೂ ತೆರೆಯದವರಲ್ಲಿ ನಾನೇ ಮೊದಲಿಗ. "ಭಯಪಡಬೇಡಿ" ಅನ್ನುವ ಮಾತನ್ನು ಹೂವಿನ ಚಿತ್ರದ ಮೇಲೆ ಬರೆದು ಕಳಿಸಿದರೆ ಯಾರ ಭಯವೂ ಹೋಗುವುದಿಲ್ಲ. ಆ ಮಾತನ್ನು ಯಾರಿಗೆ ಹೇಳಿದ್ದು, ಕೇಳಿಸಿಕೊಂಡಾಗ ಅವರ ಗತಿ ಏನಾಗಿತ್ತು ಅಂತ ನೋಡಿದರೆ ಮಾತ್ರ ಅದು ನಮ್ಮ ಕಿವಿಗೂ ಬೀಳುತ್ತದೆ.

ಮೊದಲು ಒಂದು ಲೆಕ್ಕ. ಪಾಸ್ಕಕಾಲ, ಅಂದರೆ ಈಸ್ಟರಿನ ಕಾಲ, ಒಂದು ದಿನದ್ದಲ್ಲ, 50 ದಿನದ್ದು. ಈಸ್ಟರ್ ಭಾನುವಾರದಿಂದ ಪವಿತ್ರಾತ್ಮರು ಶಿಷ್ಯರ ಮೇಲೆ ಇಳಿದುಬಂದ ಪೆಂತೆಕೋಸ್ತ್ ಹಬ್ಬದವರೆಗಿನ ಅಷ್ಟೂ ದಿನಗಳನ್ನು ಧರ್ಮಸಭೆ ಒಂದೇ ಹಬ್ಬ ಎಂದು, ಒಂದು 'ಮಹಾ ಭಾನುವಾರ' ಎಂದು ಎಣಿಸುತ್ತದೆ. ದುಃಖಕ್ಕೆ 40 ದಿನ ಕೊಟ್ಟ ಪಂಚಾಂಗ ಸಂತೋಷಕ್ಕೆ ಹತ್ತು ದಿನ ಹೆಚ್ಚೇ ಕೊಟ್ಟಿದೆ. ಇದು ಉದಾರತೆ ಅಂತ ಮೊದಲು ಅಂದುಕೊಂಡಿದ್ದೆ. ಈಗ ಅನ್ನಿಸುವುದು ಬೇರೆ: ಸಂತೋಷ ನಮಗೆ ಬೇಗ ಹತ್ತುವುದಿಲ್ಲ ಅಂತ ಗೊತ್ತಿದ್ದೇ ಅಷ್ಟು ದಿನ ಇಟ್ಟಿದ್ದಾರೆ. ಹಾಗಾಗಿ ಸೋಮವಾರವೇ ಮನಸ್ಸು ಖಾಲಿಯಾಯಿತು ಅಂತ ನೀವು ತಲೆ ತಗ್ಗಿಸಬೇಕಾಗಿಲ್ಲ.

ನಾನು ಚರ್ಚಿನಲ್ಲಿ ವಾಚನ, ಅಂದರೆ ಪೂಜೆಯ ಬೈಬಲ್ ಪಾಠ, ಓದುವವನು. ಹಿಂದಿನ ದಿನವೇ ಪಾಠವನ್ನು ನಾಲ್ಕೈದು ಸಲ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ಇದೆ. ಹಾಗೆ ಓದುತ್ತಾ ಓದುತ್ತಾ ಒಂದು ವರ್ಷ ನನಗೆ ಹೊಳೆದದ್ದು: ಸತ್ತ ಯೇಸು ಮತ್ತೆ ಎದ್ದ ಪುನರುತ್ಥಾನದ ಕತೆಗಳಲ್ಲಿ ಬೆಳಿಗ್ಗೆಯೇ ಖುಷಿಯಾಗಿ ಎದ್ದವರು ಒಬ್ಬರೂ ಇಲ್ಲ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಒಂದಾದ ಮಾರ್ಕನದರ ಬಹಳ ಹಳೆಯ ಹಸ್ತಪ್ರತಿಗಳು 16:8ಕ್ಕೇ (16ನೇ ಅಧ್ಯಾಯ, 8ನೇ ವಚನ) ನಿಂತುಬಿಡುತ್ತವೆ. ಹೆಂಗಸರು ಸಮಾಧಿಯಿಂದ ಓಡಿಹೋದರು, ಭಯದಿಂದ ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ. ಮತ್ತಾಯನಲ್ಲಿ ಅದೇ ಹೆಂಗಸರು "ಭಯದಿಂದಲೂ ಮಹದಾನಂದದಿಂದಲೂ" ಓಡುತ್ತಾರೆ. ಎರಡೂ ಒಟ್ಟಿಗೇ! ಭಯ ಹೋದ ಮೇಲೆ ಆನಂದ ಬಂದದ್ದಲ್ಲ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳಂತೂ ಎದುರಿಗೆ ನಿಂತ ಯೇಸುವನ್ನೇ ತೋಟದ ಮಾಲಿ ಅಂದುಕೊಂಡಳು. ಅಳುವ ಕಣ್ಣಿಗೆ ಎಲ್ಲವೂ ಮಸುಕು. ಅವಳಿಗೆ ಗುರುತು ಹತ್ತಿದ್ದು ಯಾವ ಉಪದೇಶದಿಂದಲೂ ಅಲ್ಲ, "ಮರಿಯಾ" ಅಂತ ಹೆಸರು ಹಿಡಿದು ಕರೆದಾಗ.

ಇನ್ನು ಒಂದು ಮುಚ್ಚಿದ ಬಾಗಿಲಿನ ಕತೆ. ಯೊವಾನ್ನ 20:19 ತೆಗೆಯಿರಿ. ಪುನರುತ್ಥಾನದ ದಿನ ಸಂಜೆ, ಶಿಷ್ಯರು ಹೆದರಿ ಬಾಗಿಲು ಮುಚ್ಚಿಕೊಂಡು ಕೂತಿದ್ದಾರೆ. ಯೇಸು ಬಂದು ನಡುವೆ ನಿಂತು "ನಿಮಗೆ ಶಾಂತಿ" ಅನ್ನುತ್ತಾರೆ, ಶಿಲುಬೆಯ ಗಾಯವಿದ್ದ ಕೈ ತೋರಿಸುತ್ತಾರೆ, ಪಕ್ಕೆ ತೋರಿಸುತ್ತಾರೆ. ಆಗ ಶಿಷ್ಯರಿಗೆ ಸಂತೋಷವಾಯಿತು. ಗಾಯ ನೋಡಿದ ಮೇಲೆ! ಇದನ್ನು ನಾನು ಎಷ್ಟು ವರ್ಷ ಗಮನಿಸದೆ ಓದಿಬಿಟ್ಟಿದ್ದೆನೋ. ನಮ್ಮ ಗಾಯ ಮಾಯ್ದು, ಗುರುತೂ ಅಳಿದ ಮೇಲೆ ಸಂತೋಷ ಬರುತ್ತದೆ ಅಂತ ಕಾಯುತ್ತೇವೆ. ಇಲ್ಲಿ ಹಾಗಾಗಲಿಲ್ಲ.

ಹಾಗೇ ಮುಂದಕ್ಕೆ ಹೋಗಿ 26ನೇ ವಚನದಲ್ಲಿ ನಿಲ್ಲಿ. ಎಂಟು ದಿನ ಆಗಿದೆ. ಶಿಷ್ಯರು ಯೇಸುವನ್ನು ಕಣ್ಣಾರೆ ಕಂಡಾಗಿದೆ, ಪವಿತ್ರಾತ್ಮರನ್ನು ಪಡೆಯಿರಿ ಎಂದು ಅವರು ಉಸಿರೂದಿದ್ದೂ ಆಗಿದೆ. ಆದರೂ ಬಾಗಿಲು ಮುಚ್ಚಿಯೇ ಇದೆ. ಮೊದಲ ಸಲ ಅಲ್ಲಿರದೆ, ನೋಡದೆ ನಂಬೆನು ಅಂದ ಶಿಷ್ಯ ತೋಮನೊಬ್ಬನ ತಲೆಗೆ, ಸಂಶಯದ ತೋಮ ಅಂತ, ಎಲ್ಲವನ್ನೂ ಕಟ್ಟುತ್ತಾರೆ. ಉಳಿದ ಹತ್ತು ಮಂದಿ ವಾರವಾದರೂ ಅದೇ ಬಾಗಿಲ ಹಿಂದೆ ಇದ್ದರಲ್ಲ, ಅದನ್ನು ಯಾರೂ ಎತ್ತುವುದಿಲ್ಲ. ಯೇಸು ಎರಡನೇ ಸಲವೂ ಬಾಗಿಲ ವಿಷಯ ತೆಗೆಯಲಿಲ್ಲ. ಇನ್ನೂ ಮುಚ್ಚಿಕೊಂಡಿದ್ದೀರಾ ಅಂತ ಕೇಳಲಿಲ್ಲ. ಮತ್ತೆ ಅದೇ ಮಾತು, ನಿಮಗೆ ಶಾಂತಿ.

ಧೈರ್ಯದ ಬಗ್ಗೆ ಕೇಳಿದ್ದೀರಿ. ಇಲ್ಲಿ ಸ್ವಲ್ಪ ನನ್ನ ಕತೆ ಹೇಳಬೇಕಾಗುತ್ತದೆ.

ನನ್ನ ತಮ್ಮನ ಮೇಲೆ ಮನೆಯ ಹಿರಿಯರ ಮುಂದೆ ಒಂದು ಅಪವಾದ ಬಂದಿತ್ತು. ಅವನದು ತಪ್ಪಿಲ್ಲ ಅಂತ ನನಗೆ ಗೊತ್ತಿತ್ತು, ಅದು ನನಗೊಬ್ಬನಿಗೇ ಗೊತ್ತಿದ್ದದ್ದು. ಎಲ್ಲರೂ ನನ್ನ ಕಡೆ ತಿರುಗಿದಾಗ "ನನಗೇನೂ ಗೊತ್ತಿಲ್ಲ" ಅಂದುಬಿಟ್ಟೆ. ಯಾರ ಒತ್ತಾಯವೂ ಇರಲಿಲ್ಲ, ಸುಮ್ಮನೆ ಹೆದರಿದೆ. ಆಮೇಲೆ ಮೂರು ವರ್ಷ ಅವನ ಜೊತೆ ಮಾತಿಲ್ಲ. ಮೂರನೇ ವರ್ಷದ ಈಸ್ಟರ್ ವಾರದಲ್ಲಿ ಶುಕ್ರವಾರದ ಮೊದಲ ವಾಚನ ನನ್ನ ಪಾಲಿಗೆ ಬಂತು.

ಪಾಸ್ಕಕಾಲದಲ್ಲಿ ಮೊದಲ ವಾಚನ ಹಳೆಯ ಒಡಂಬಡಿಕೆಯಿಂದ ಬರುವುದಿಲ್ಲ, ಯೇಸುವಿನ ಶಿಷ್ಯರು ಮುಂದೆ ಮಾಡಿದ್ದನ್ನು ಹೇಳುವ ಪ್ರೇಷಿತರ ಕಾರ್ಯಕಲಾಪಗಳು ಎಂಬ ಪುಸ್ತಕದಿಂದ ಬರುತ್ತದೆ, ನೀವೂ ಗಮನಿಸಿರಬಹುದು. ಆ ಶುಕ್ರವಾರದ್ದು ನಾಲ್ಕನೇ ಅಧ್ಯಾಯದ ಆರಂಭ. ಕುಂಟನೊಬ್ಬನನ್ನು ನಡೆಯುವಂತೆ ಮಾಡಿದ್ದಕ್ಕೆ ಶಿಷ್ಯರಾದ ಪೇತ್ರ, ಯೊವಾನ್ನರನ್ನು ಹಿಡಿದು ವಿಚಾರಣೆಗೆ ನಿಲ್ಲಿಸಿದ್ದಾರೆ. ಎದುರಿಗೆ ಕೂತವರ ಹೆಸರನ್ನೂ ಆ ಪುಸ್ತಕ ಬರೆದ ಲೂಕ ಹೇಳಿದ್ದಾನೆ: ಅನ್ನ, ಕಾಯಫ ಎಂಬ ಮಹಾಯಾಜಕರು. ಗಟ್ಟಿಯಾಗಿ ಓದಿಕೊಳ್ಳುತ್ತಿದ್ದವನು ಅಲ್ಲೇ ನಿಂತೆ. ಕೆಲವೇ ವಾರಗಳ ಹಿಂದೆ, ಯೇಸುವನ್ನು ಹಿಡಿದ ರಾತ್ರಿ, ಪೇತ್ರ ಬೆಂಕಿ ಕಾಯಿಸುತ್ತಾ "ಅವನು ಯಾರೋ ನಾನರಿಯೆ" ಅಂದದ್ದು ಇದೇ ಜನರ ಅಂಗಳದಲ್ಲಿ. ಕೇಳಿದವಳು ಬಾಗಿಲು ಕಾಯುವ ಒಬ್ಬ ಹುಡುಗಿ. ಅವಳಿಗೆ ಹೆದರಿದವನು ಈಗ ಅವಳ ಯಜಮಾನರ ಮುಂದೆ ನಿಂತು, ನೀವು ಕಟ್ಟುವವರು ಬೇಡವೆಂದು ಬಿಸಾಡಿದ ಕಲ್ಲೇ ಮೂಲೆಗಲ್ಲಾಯಿತು ಅನ್ನುತ್ತಿದ್ದಾನೆ. ಅವರು ಓದು ಬರಹ ಇಲ್ಲದ ಸಾಮಾನ್ಯರು ಅಂತ ಸಭೆಗೆ ಆಶ್ಚರ್ಯವಾಯಿತಂತೆ.

ನಡುವೆ ಏನಾಯಿತು? ಅದಕ್ಕೆ ಉತ್ತರ ಅದೇ ಶುಕ್ರವಾರದ ಶುಭಸಂದೇಶದಲ್ಲಿದೆ, ಯೊವಾನ್ನ 21ರ ಮೊದಲ 14 ವಚನ. ಪೇತ್ರ "ಮೀನು ಹಿಡಿಯಲು ಹೋಗುತ್ತೇನೆ" ಅನ್ನುತ್ತಾನೆ. ಪುನರುತ್ಥಾನವನ್ನು ಕಂಡವನು ಹಳೇ ಕಸುಬಿಗೆ ಹೊರಟಿದ್ದಾನೆ. ರಾತ್ರಿಯೆಲ್ಲ ಬಲೆ ಬೀಸಿದರೂ ಏನೂ ಇಲ್ಲ. ಬೆಳಗಾಗುವಾಗ ದಡದಲ್ಲಿ ಒಬ್ಬರು ನಿಂತಿದ್ದಾರೆ, ಬಲಗಡೆ ಬಲೆ ಹಾಕಿ ಅನ್ನುತ್ತಾರೆ, 153 ದೊಡ್ಡ ಮೀನು. (ಈ ಸಂಖ್ಯೆಗೆ ಪಂಡಿತರು ನೂರು ಅರ್ಥ ಹೇಳುತ್ತಾರೆ. ನನಗೆ ಇಷ್ಟವಾಗುವುದು ಬೆಸ್ತರು ಮೀನನ್ನು ಎಣಿಸಿದರು ಅನ್ನುವುದೇ.) ದಡಕ್ಕೆ ಬಂದು ನೋಡಿದರೆ ಇದ್ದಿಲಿನ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ.

ಇದ್ದಿಲಿನ ಬೆಂಕಿ ಎಂಬುದಕ್ಕೆ ಯೊವಾನ್ನ ಬಳಸುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಇದೆ. ಒಂದು ಇಲ್ಲಿ. ಇನ್ನೊಂದು 18:18ರಲ್ಲಿ, ಪೇತ್ರ ಚಳಿ ಕಾಯಿಸುತ್ತಾ ತನ್ನ ಗುರುವನ್ನು ಅಲ್ಲಗಳೆದ ಅಂಗಳದಲ್ಲಿ. ಅದೇ ಹೊಗೆ, ಅದೇ ವಾಸನೆ. ಆ ವಾಸನೆ ಮೂಗಿಗೆ ಬಡಿದಾಗ ಪೇತ್ರನಿಗೆ ಏನಾಗಿರಬೇಡ! ಯೇಸು ಹೇಳಿದ್ದು ಇಷ್ಟು: "ಬನ್ನಿ, ಊಟ ಮಾಡಿ."

ಆ ದಿನದ ಶುಭಸಂದೇಶ ಅಲ್ಲಿಗೇ ಮುಗಿಯುತ್ತದೆ. "ನೀನು ನನ್ನನ್ನು ಪ್ರೀತಿಸುತ್ತೀಯಾ" ಎಂದು ಮೂರು ಸಲ ಕೇಳುವ ಭಾಗ ಬಲಿಪೂಜೆಯ ದಿನದ ವಾಚನಗಳಲ್ಲಿ ಮರುದಿನ ಬರುವುದಿಲ್ಲ, ಏಳನೇ ವಾರದ ಶುಕ್ರವಾರ ಬರುತ್ತದೆ, ಪೆಂತೆಕೋಸ್ತ್‌ಗೆ ಎರಡೇ ದಿನ ಇರುವಾಗ. ಬೈಬಲಿನಲ್ಲಿ ಅದು ಮುಂದಿನ ವಚನವೇ, ಊಟ ಮುಗಿದ ಕೂಡಲೇ. ಆದರೆ ವಾಚನಗಳನ್ನು ಜೋಡಿಸಿದವರು ಊಟಕ್ಕೂ ಪ್ರಶ್ನೆಗೂ ನಡುವೆ ಆರು ವಾರ ಬಿಟ್ಟಿದ್ದಾರೆ. ಬೇಕೆಂದೇ ಹಾಗೆ ಮಾಡಿದರೋ ಇಲ್ಲವೋ, ನನಗೆ ಆ ಆರು ವಾರ ಬೇಕಿತ್ತು.

ಶುಕ್ರವಾರ ವಾಚನ ಓದಿ ಬಂದೆ. ತಮ್ಮನಿಗೆ ಫೋನ್ ಮಾಡಿದ್ದು ಅದಾಗಿ ಒಂದು ತಿಂಗಳ ಮೇಲೆ. ಸಿದ್ಧ ಮಾಡಿಟ್ಟುಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಅವನೇ ಸ್ವಲ್ಪ ಹೊತ್ತು ಸುಮ್ಮನಿದ್ದು "ಊಟ ಆಯ್ತಾ ಅಣ್ಣ" ಅಂದ. ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಹಿರಿಯರ ಮುಂದೆ ಹೋಗಿ ನಿಜ ಹೇಳಿದ್ದು ಇನ್ನೂ ತಡವಾಗಿ, ಕಾಲು ನಡುಗುತ್ತಲೇ. ಆದರೆ ಧೈರ್ಯ ಅನ್ನುವುದು ಎದೆ ಉಬ್ಬಿಸುವ ಸಂಗತಿ ಅಂತ ಆಮೇಲೆ ನಾನು ಅಂದುಕೊಂಡಿಲ್ಲ. ಪೇತ್ರನಿಗೆ ಸಿಂಹದ ಗುಂಡಿಗೆ ಯಾರೂ ಕೊಡಲಿಲ್ಲ. ಸೋತ ಜಾಗದ ವಾಸನೆಯಲ್ಲೇ ಕೂರಿಸಿ ಉಣ್ಣಿಸಿದರು, ಅಷ್ಟೇ.

ಭರವಸೆಗೆ ಲೂಕ 24, ಎಮ್ಮಾವಿನ ದಾರಿ. ಯೇಸು ಸತ್ತ ಮೇಲೆ ಎಮ್ಮಾವು ಎಂಬ ಊರಿಗೆ ಹೊರಟ ಇಬ್ಬರು ಶಿಷ್ಯರು, ಜೊತೆಗೂಡಿದ ಯೇಸುವನ್ನು ಗುರುತಿಸದೆ ಅವರಿಗೇ ದುಃಖ ಹೇಳಿಕೊಳ್ಳುವ ಕತೆ. ಇದು ನಿಮಗೆ ಗೊತ್ತಿರುವುದೇ, ಹಾಗಾಗಿ 21ನೇ ವಚನ ಒಂದನ್ನೇ ಹೇಳುತ್ತೇನೆ: ಇಸ್ರಯೇಲನ್ನು ಬಿಡಿಸುವವನು ಇವನೇ ಎಂದು "ನಾವು ನಂಬಿಕೊಂಡಿದ್ದೆವು." ಇದ್ದೆವು. ಈಗಿಲ್ಲ. ಸುಮಾರು 11 ಕಿಲೋಮೀಟರ್ ದಾರಿ, ಮುಖ ಬಾಡಿದೆ, ಜೆರುಸಲೇಮಿಗೆ ಬೆನ್ನು ಹಾಕಿ ನಡೆಯುತ್ತಿದ್ದಾರೆ. ಯೇಸು ಅವರನ್ನು ತಡೆದು ತಿರುಗಿಸಲಿಲ್ಲ, ಅವರು ಹೋಗುವ ತಪ್ಪು ದಿಕ್ಕಿಗೇ ಜೊತೆ ನಡೆದರು. ಬುದ್ಧಿಯಿಲ್ಲದವರೇ ಅಂತ ಬೈದದ್ದೂ ಉಂಟು, ಆದರೆ ನಡೆಯುತ್ತಲೇ. ಕೊನೆಗೆ, ಕತ್ತಲಾಗುತ್ತಿದೆ ಈಗ ಪ್ರಯಾಣ ಬೇಡ ಎಂದು ಯೇಸುವನ್ನು ಉಳಿಸಿಕೊಂಡವರು, ಅವರು ರೊಟ್ಟಿ ಮುರಿದಾಗ ಗುರುತು ಹತ್ತಿದ್ದೇ ತಡ, ತಾವೇ ಆ ಕತ್ತಲಲ್ಲಿ 11 ಕಿಲೋಮೀಟರ್ ವಾಪಸ್ ನಡೆದರು. ಪೇತ್ರ ತನ್ನ ಮೊದಲ ಪತ್ರದ ಆರಂಭದಲ್ಲೇ "ಜೀವಂತ ಭರವಸೆ" ಅನ್ನುವ ಮಾತು ಬಳಸುತ್ತಾನೆ. ಅದನ್ನು ವ್ಯಾಖ್ಯಾನದಿಂದ ತಿಳಿಯುವುದಕ್ಕಿಂತ ಈ ಇಬ್ಬರ ಕಾಲುಗಳನ್ನು ನೋಡಿ ತಿಳಿಯುವುದು ಸುಲಭ.

ಇಷ್ಟೆಲ್ಲ ಭಾರವಾಯಿತು ಅನ್ನಿಸಿದರೆ ಪ್ರೇಷಿತರ ಕಾರ್ಯಕಲಾಪಗಳ 12ನೇ ಅಧ್ಯಾಯವನ್ನು ಮನೆಯಲ್ಲಿ ಓದಿ. ಇಡೀ ಪುಸ್ತಕದಲ್ಲಿ ನನಗೆ ನಗು ತರಿಸುವ ಜಾಗ ಅದು. ಅದೂ ಪಾಸ್ಕದ ದಿನಗಳೇ. ಅರಸ ಹೆರೋದ ಆಗಲೇ ಶಿಷ್ಯ ಯಕೋಬನನ್ನು ಕೊಲ್ಲಿಸಿದ್ದಾನೆ, ಪೇತ್ರ ಸೆರೆಮನೆಯಲ್ಲಿದ್ದಾನೆ, ಭಕ್ತರು ಒಂದು ಮನೆಯಲ್ಲಿ ಸೇರಿ ಅವನಿಗಾಗಿ ಪ್ರಾರ್ಥಿಸುತ್ತಿದ್ದಾರೆ. ದೇವದೂತ ಪೇತ್ರನ ಪಕ್ಕೆ ತಟ್ಟಿ ಎಬ್ಬಿಸಿ ಬಿಡಿಸುತ್ತಾನೆ. ಅವನು ಬಂದು ಕದ ತಟ್ಟಿದರೆ ರೋದೆ ಎಂಬ ಕೆಲಸದ ಹುಡುಗಿ ಅವನ ದನಿ ಗುರುತಿಸಿ, ಸಂತೋಷದ ಭರದಲ್ಲಿ ಕದ ತೆರೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ! ಒಳಗಿದ್ದವರು, ಅಂದರೆ ಇದಕ್ಕೇ ಪ್ರಾರ್ಥಿಸುತ್ತಿದ್ದವರು, "ನಿನಗೆ ಹುಚ್ಚು" ಅನ್ನುತ್ತಾರೆ. ಪೇತ್ರ ಹೊರಗೆ ತಟ್ಟುತ್ತಲೇ ಇದ್ದಾನೆ. ಒಂದು ಮನೆಯ ಬಾಗಿಲನ್ನು ಹೆದರಿಕೆ ಮುಚ್ಚಿತ್ತು, ಇನ್ನೊಂದರದ್ದನ್ನು ಖುಷಿ ತೆರೆಯಗೊಡಲಿಲ್ಲ. ಇವರೇ ನಮ್ಮ ಪೂರ್ವಿಕರು ಅಂತ ನೆನೆದಾಗ ನನಗೆ ಸಮಾಧಾನವಾಗುತ್ತದೆ.

ಓದುವ ರೀತಿಯ ಬಗ್ಗೆ ಎರಡು ಮಾತು. ದಿನಕ್ಕೆ ಒಂದೇ ಕತೆ, ಗಟ್ಟಿಯಾಗಿ, ನಿಮ್ಮ ಕಿವಿಗೆ ಕೇಳುವಷ್ಟು. "ಇದರಿಂದ ನನಗೇನು ಪಾಠ" ಅಂತ ಕೂಡಲೇ ಕೇಳಿಕೊಳ್ಳಬೇಡಿ. ಆ ಪ್ರಶ್ನೆಯೇ ಎಷ್ಟೋ ಸಲ ಓದನ್ನು ಕೊಲ್ಲುತ್ತದೆ. ಆ ಕೋಣೆಯಲ್ಲಿ, ಆ ದಡದಲ್ಲಿ ನೀವಿದ್ದರೆ ಎಲ್ಲಿ ನಿಂತಿರುತ್ತಿದ್ದಿರಿ ಅಂತಷ್ಟೇ ನೋಡಿಕೊಳ್ಳಿ. ಮನಸ್ಸಿನ ಖಾಲಿತನ ಈಸ್ಟರಿಗೂ ಮೊದಲಿನದಾಗಿದ್ದು, ನಿದ್ದೆ ಊಟವನ್ನೂ ಕೆಡಿಸುತ್ತಿದ್ದರೆ, ಓದಿನ ಜೊತೆಗೆ ವೈದ್ಯರನ್ನೂ ಕಾಣಿ. ಅದರಲ್ಲಿ ವಿಶ್ವಾಸದ ಕೊರತೆ ಏನೂ ಇಲ್ಲ.

ಇನ್ನು ಅಲ್ಲೆಲೂಯ. ದನಿ ಹೊರಡದಿದ್ದರೆ ಬಲವಂತ ಬೇಡ, ಸುತ್ತಲಿನವರು ನಿಮ್ಮ ಪಾಲಿನದನ್ನೂ ಸೇರಿಸಿ ಹಾಡುತ್ತಾರೆ. ತಮ್ಮನಿಗೆ ಫೋನ್ ಮಾಡಿದ ಆ ವರ್ಷ ನಾನು ಅದನ್ನು ಹಾಡಿದ್ದು ಆರನೇ ವಾರದಲ್ಲಿ, ಅದೂ ಪಕ್ಕದಲ್ಲಿ ನಿಂತವರ ದನಿಯ ಕೆಳಗೆ, ಯಾರಿಗೂ ಕೇಳದಷ್ಟು ಮೆಲ್ಲಗೆ.