ದೊಡ್ಡ ಪಕ್ಷದ ಬಿ ಫಾರಂ ಇಲ್ಲದೆ ನಿಲ್ಲುವುದು ಹೇಗೆ?

ವಿಧಾನಸಭೆಗೆ ಪಕ್ಷೇತರರಾಗಿ ಇಲ್ಲವೇ ಸಣ್ಣ ಪಕ್ಷದಿಂದ ಸ್ಪರ್ಧಿಸುವ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದರ ಕಟ್ಟಳೆ ಬೇರೆ, ಇದರ ಜೊತೆ ಬೆರೆಸಿಕೊಳ್ಳಬೇಡಿ.

ಪ್ರಶ್ನೆ: ನಾನು ಬಸವನಗುಡಿಯ ಮತದಾರ. ಪಕ್ಕದ ಜಯನಗರದಲ್ಲಿ ಪಕ್ಷೇತರನಾಗಿ ನಿಲ್ಲುವ ಆಲೋಚನೆ ಇದೆ. ನಮ್ಮ ಬೀದಿಯ ಹತ್ತು ಜನ ಸೂಚಕರಾಗಿ, ಅಂದರೆ ನಾಮಪತ್ರದಲ್ಲಿ ನನ್ನ ಹೆಸರು ಸೂಚಿಸುವವರಾಗಿ, ಸಹಿ ಹಾಕಲು ಒಪ್ಪಿದ್ದಾರೆ. ಸಾಕಲ್ಲವೇ?

ಉತ್ತರ: ಸಾಲದು. 25 ವರ್ಷ ತುಂಬಿ, ರಾಜ್ಯದ ಯಾವುದೇ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಜಯನಗರದಲ್ಲಿ ನಿಲ್ಲಬಹುದು. ಬಸವನಗುಡಿ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಭಾಗದ ದೃಢೀಕೃತ ನಕಲನ್ನು ನಾಮಪತ್ರದ ಜೊತೆಗೇ ಕೊಟ್ಟುಬಿಡಿ. ಸೂಚಕರ ಮಾತು ಹಾಗಲ್ಲ, ಹತ್ತೂ ಜನ ಜಯನಗರದ ಮತದಾರರೇ ಆಗಿರಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೂ, ನೋಂದಣಿಯಾಗಿದ್ದು ಮಾನ್ಯತೆ ಇಲ್ಲದ ಪಕ್ಷದವರಿಗೂ ಹತ್ತು ಬೇಕು.

ವೋಟರ್ ಕಾರ್ಡ್ ನೋಡಿ ಸಹಿ ಹಾಕಿಸಿಕೊಳ್ಳುವುದೇ ಇಲ್ಲಿ ಆಗುವ ಎಡವಟ್ಟು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸುತ್ತಲೇ ಇರುತ್ತಾರೆ. ಕಾರ್ಡು ಕೈಯಲ್ಲಿರುತ್ತದೆ, ಪಟ್ಟಿಯಲ್ಲಿ ಹೆಸರು ಇರುವುದಿಲ್ಲ. ಹೊಸ ಮತದಾರರ ಪಟ್ಟಿ ತೆರೆದು ಒಬ್ಬೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ನೀವೇ ನೋಡಿ ಬರೆದುಕೊಳ್ಳಿ. ಒಬ್ಬರು ಬಿದ್ದರೂ ಉಳಿಯುವುದು ಒಂಬತ್ತು, ಆ ನಾಮಪತ್ರದ ಕಥೆ ಅಲ್ಲಿಗೆ ಮುಗಿಯಿತು. ನಾಲ್ಕು ಸೆಟ್‌ವರೆಗೆ ಸಲ್ಲಿಸಬಹುದು, ಠೇವಣಿ ಒಂದೇ. ಕಡೇ ಪಕ್ಷ ಎರಡು ಸೆಟ್ ಕೊಡಿ, ಎರಡಕ್ಕೂ ಬೇರೆ ಬೇರೆ ಸೂಚಕರಿರಲಿ. ಹೆಬ್ಬೆಟ್ಟು ಒತ್ತುವವರಿದ್ದರೆ ಚುನಾವಣಾಧಿಕಾರಿಯ ಮುಂದೆಯೇ ಒತ್ತಿಸಿ. ಹಿಂದೆ ಸರಿಯಬಹುದಾದವರನ್ನು ಸೂಚಕರನ್ನಾಗಿ ಮಾಡಲೇಬೇಡಿ. 2024ರಲ್ಲಿ ಸೂರತ್‌ನ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾದದ್ದು, ಸೂಚಕರೇ ‘ಈ ಸಹಿ ನಮ್ಮದಲ್ಲ’ ಎಂದಿದ್ದರಿಂದ.

ಇನ್ನು ನಮೂನೆ 26ರ ಅಫಿಡವಿಟ್, ಅಂದರೆ ಆಸ್ತಿ, ಸಾಲ, ಕೇಸುಗಳ ವಿವರ ಕೊಡುವ ಪ್ರಮಾಣಪತ್ರ. ಸಾಲ ಇಲ್ಲ, ಕೇಸಿಲ್ಲ ಎಂದು ಯಾವ ಕಲಮನ್ನೂ ಖಾಲಿ ಬಿಡುವಂತಿಲ್ಲ. ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆಯಲೇಬೇಕು. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ದಿನ ಹುಟ್ಟುವ ಮೊದಲು ಪ್ರಮಾಣವಚನವೂ ಆಗಿರಬೇಕು. ಕೊನೆಯ ದಿನ ಮಧ್ಯಾಹ್ನ 3ಕ್ಕೆ ಓಡಿಬರುವವರು ಮರೆಯುವುದು ಇದನ್ನೇ.

ಪ್ರಶ್ನೆ: ನಮ್ಮದು ನೋಂದಾಯಿತ ಸಣ್ಣ ಪಕ್ಷ. ನಗರದಲ್ಲಿ ಐದು ಕಡೆ ನಿಲ್ಲುತ್ತೇವೆ. ಐವರಿಗೂ ಒಂದೇ ಚಿಹ್ನೆ ಕೊಡುತ್ತಾರೆಯೇ? (ಯಲಹಂಕ)

ಉತ್ತರ: ಮುಂಚಿತವಾಗಿ ಭಾರತ ಚುನಾವಣಾ ಆಯೋಗಕ್ಕೆ ಅರ್ಜಿ ಹಾಕಿ ಸಾಮಾನ್ಯ ಚಿಹ್ನೆ ಪಡೆಯಬಹುದು. ಆದರೆ ಕನಿಷ್ಠ ಶೇ 5ರಷ್ಟು ಕ್ಷೇತ್ರಗಳಲ್ಲಿ ಅಭ್ಯರ್ಥಿಗಳಿರಬೇಕು. ನಮ್ಮ 224ರಲ್ಲಿ ಅದು 12 ಆಗುತ್ತದೆ, ನಿಮ್ಮ ಐದು ಸಾಲುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಪ್ರತಿಯೊಬ್ಬರೂ ಮುಕ್ತ ಚಿಹ್ನೆಗಳ (ಯಾವ ಪಕ್ಷಕ್ಕೂ ಮೀಸಲಾಗದವುಗಳ) ಪಟ್ಟಿಯಿಂದ ಮೂರನ್ನು ಆದ್ಯತೆಯ ಕ್ರಮದಲ್ಲಿ ನಾಮಪತ್ರದಲ್ಲೇ ಬರೆಯಬೇಕು. ಐವರೂ ಅದೇ ಮೂರನ್ನು ಅದೇ ಕ್ರಮದಲ್ಲಿ ಬರೆಯಿರಿ, ಅದೃಷ್ಟವಿದ್ದರೆ ಒಂದೇ ಸಿಗುತ್ತದೆ. ಅದೇ ಚಿಹ್ನೆಯನ್ನು ಪಕ್ಷೇತರರೂ ಕೇಳಿದ್ದರೆ ನೋಂದಾಯಿತ ಪಕ್ಷದವರಿಗೆ ಆದ್ಯತೆ.

ಮನೆಯಲ್ಲಿ ಬಳಸುವ, ಒಂದೇ ಪದದಲ್ಲಿ ಕೂಗಬಹುದಾದ ವಸ್ತು ಆರಿಸಿ. 2019ರ ಡಿಸೆಂಬರ್‌ನಲ್ಲಿ ಹೊಸಕೋಟೆ ಉಪಚುನಾವಣೆಯಲ್ಲಿ ಶರತ್ ಬಚ್ಚೇಗೌಡರು ಪಕ್ಷೇತರರಾಗಿ ಗೆದ್ದದ್ದು ಕುಕ್ಕರ್ ಚಿಹ್ನೆಯಲ್ಲಿ. ಆದರೆ ಚಿಹ್ನೆ ಒಳ್ಳೆಯದಾದ ಮಾತ್ರಕ್ಕೆ ವೋಟು ಬೀಳುವುದಿಲ್ಲ: ಅದೇ ವರ್ಷ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದಲ್ಲಿ ಪ್ರಕಾಶ್ ರಾಜ್ ಅವರಿಗೆ ವಿಷಲ್ ಸಿಕ್ಕಿತ್ತು, ಠೇವಣಿ ಉಳಿಯಲಿಲ್ಲ.

ಚಿಹ್ನೆ ಖಚಿತವಾಗುವುದು ನಾಮಪತ್ರ ವಾಪಸಾತಿ ಮುಗಿದ ಮೇಲೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಅದು ಏಪ್ರಿಲ್ 24. ಬಹಿರಂಗ ಪ್ರಚಾರ ಮೇ 8ರ ಸಂಜೆ 6ಕ್ಕೆ ಬಂದ್. ಸಿಕ್ಕಿದ್ದು ಎರಡೇ ವಾರ. ಆದ್ದರಿಂದ ಕರಪತ್ರದ ಪುಟ ಮೊದಲೇ ಸಿದ್ಧವಿರಲಿ, ಚಿಹ್ನೆಯ ಜಾಗ ಮಾತ್ರ ಖಾಲಿ. ಆವತ್ತು ಸಂಜೆಯೇ ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಕಳಿಸಿ. ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಕರಪತ್ರದ ಮೇಲೆ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇನ್ನೊಂದು ವಿಷಯ. ಮತಯಂತ್ರದಲ್ಲಿ ಮಾನ್ಯತೆ ಪಡೆದ ಪಕ್ಷದವರ ಹೆಸರು ಮೊದಲು, ನಂತರ ನಿಮ್ಮಂಥ ನೋಂದಾಯಿತ ಪಕ್ಷದವರು, ಆಮೇಲೆ ಪಕ್ಷೇತರರು. ಮಂಡ್ಯದಲ್ಲಿ 2019ರಲ್ಲಿ ಸುಮಲತಾ ಅಂಬರೀಶ್ ಅವರ ಜೊತೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಅಂಥ ಕಡೆ ‘ಇಷ್ಟನೇ ನಂಬರಿನ ಬಟನ್’ ಎಂದು ಹೇಳದೆ ವಿಧಿಯಿಲ್ಲ.

ಪ್ರಶ್ನೆ: ಠೇವಣಿ ಉಳಿಯಲು ಎಷ್ಟು ಮತ ಬೇಕು? ನೋಟಾ ಮತವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆಯೇ? (ರಾಜಾಜಿನಗರ)

ಉತ್ತರ: ಸಿಂಧು ಮತಗಳ, ಅಂದರೆ ಲೆಕ್ಕಕ್ಕೆ ಬರುವ ಮತಗಳ, ಆರನೇ ಒಂದು ಭಾಗಕ್ಕಿಂತ ಹೆಚ್ಚು. 1,20,000 ಸಿಂಧು ಮತ ಬಿದ್ದಿದ್ದರೆ 20,001 ಬೇಕು, ಸರಿಯಾಗಿ 20,000 ಬಂದರೆ ಹಣ ಹೋಯಿತು. ನೋಟಾ ಸೇರಿಸುವುದಿಲ್ಲ. ವಿಧಾನಸಭೆಗೆ ಠೇವಣಿ 10,000, ಪರಿಶಿಷ್ಟರಿಗೆ 5,000. ಚೆಕ್ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ನನ್ನ ಖರ್ಚು ಒಂದು ಲಕ್ಷವೂ ದಾಟುವುದಿಲ್ಲ. ನಾನೂ ಲೆಕ್ಕ ಕೊಡಬೇಕೆ? (ಕೆ.ಆರ್. ಪುರ)

ಉತ್ತರ: ಸೊನ್ನೆಯಾದರೂ ಕೊಡಬೇಕು. ಖರ್ಚಿನ 40 ಲಕ್ಷದ ಮಿತಿ ನಿಮಗೆ ತೊಂದರೆ ಕೊಡದು, ತೊಂದರೆ ಕೊಡುವುದು ಲೆಕ್ಕದ ಪುಸ್ತಕ. ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಚುನಾವಣೆಗೆಂದೇ ಹೊಸ ಬ್ಯಾಂಕ್ ಖಾತೆ ತೆರೆಯಿರಿ. ಒಬ್ಬರಿಗೇ ನಗದಾಗಿ ಕೊಡುವುದು ಇಡೀ ಚುನಾವಣೆಗೆ 10,000 ಮೀರಬಾರದು. ಆಟೋದ ಮೈಕಿನವರಿಗೆ ದಿನಕ್ಕೆ 1,500ರಂತೆ ನಗದು ಕೊಡುತ್ತಾ ಹೋದರೆ ಏಳನೇ ದಿನಕ್ಕೆ ಮಿತಿ ದಾಟಿರುತ್ತೀರಿ. ರಿಜಿಸ್ಟರಿನ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಪ್ರಚಾರದ ಅವಧಿಯಲ್ಲಿ ಮೂರು ಸಲ ತಪಾಸಣೆಗೆ ಒಯ್ಯಬೇಕು. ಚಹಾ, ಶಾಮಿಯಾನ, ಕುರ್ಚಿಗೆ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿ ಇರುತ್ತದೆ. ಅಧಿಕಾರಿಗಳು ನಿಮ್ಮ ಖರ್ಚನ್ನು ತಾವೇ ಬರೆದಿಡುವ ಷ್ಯಾಡೋ ರಿಜಿಸ್ಟರಿನಲ್ಲಿರುವುದಕ್ಕೂ ನಿಮ್ಮದಕ್ಕೂ ತಾಳೆಯಾಗದಿದ್ದರೆ ನೋಟಿಸ್ ಬರುತ್ತದೆ. ಫಲಿತಾಂಶದ ನಂತರ 30 ದಿನದೊಳಗೆ ಅಂತಿಮ ಲೆಕ್ಕ ಸಲ್ಲಿಸದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸೋತ ಬೇಸರದಲ್ಲಿ ಫೈಲು ಕಟ್ಟಿ ಅಟ್ಟಕ್ಕೆ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ.

ಪ್ರಶ್ನೆ: ಎಲ್ಲ ಬೂತ್‌ಗೂ ಏಜೆಂಟ್ ಹಾಕುವಷ್ಟು ಜನ ನಮ್ಮಲ್ಲಿಲ್ಲ. ಏನು ಮಾಡುವುದು? (ಮಹದೇವಪುರ)

ಉತ್ತರ: ನಿಮಗೆ ಮತ ಇರುವ ಬೂತ್‌ಗಳನ್ನು ಆರಿಸಿಕೊಳ್ಳಿ. 30 ಜನರಿದ್ದರೆ 30 ಬೂತ್, ಅಷ್ಟೇ. ಹರಡಿದರೆ ಎಲ್ಲೂ ಸರಿಯಾಗುವುದಿಲ್ಲ. ಏಜೆಂಟರ ನೇಮಕದ ನಮೂನೆ 10ಕ್ಕೆ ಸಹಿ ಹಾಕಿ ಹಿಂದಿನ ದಿನವೇ ಏಜೆಂಟರ ಕೈಗೆ ಕೊಡಿ.

ಮತದಾನ ಬೆಳಿಗ್ಗೆ 7ಕ್ಕಾದರೆ ಅಣಕು ಮತದಾನ 5.30ಕ್ಕೆ. ಏಜೆಂಟರಿಗಾಗಿ ಕಾಯುವುದು 15 ನಿಮಿಷ. ಕನಿಷ್ಠ 50 ಮತ ಒತ್ತಿಸುತ್ತಾರೆ. ನಿಮ್ಮ ಬಟನ್ ಒತ್ತಿದಾಗ ವಿವಿಪ್ಯಾಟ್ (ಮತದ ಚೀಟಿ ಮುದ್ರಿಸುವ ಯಂತ್ರ) ಕಿಂಡಿಯಲ್ಲಿ ನಿಮ್ಮದೇ ಚಿಹ್ನೆಯ ಚೀಟಿ ಕಾಣಬೇಕು. ಆಮೇಲೆ ‘ಕ್ಲಿಯರ್’ ಒತ್ತಿ ಒಟ್ಟು ಮತ ಸೊನ್ನೆ ತೋರಿಸುತ್ತಾರೆ, ಅಣಕು ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡುತ್ತಾರೆ. ಇಷ್ಟೂ ಕಣ್ಣಾರೆ ನೋಡಿಯೇ ಸಹಿ ಹಾಕಬೇಕು.

ಸಂಜೆ ಬೂತಿನ ಮತಗಳ ಲೆಕ್ಕದ ನಮೂನೆ 17ಸಿ ಪ್ರತಿ ಕೈಗೆ ಸಿಗುವವರೆಗೆ ಏಜೆಂಟ್ ಎದ್ದು ಬರಬಾರದು. ಎಷ್ಟು ಮತ ಬಿತ್ತು, ಮತಯಂತ್ರದ ಕಂಟ್ರೋಲ್ ಯೂನಿಟ್ ಸಂಖ್ಯೆ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. ಎಣಿಕೆಯ ದಿನ ನಿಮ್ಮ ಟೇಬಲ್ ಏಜೆಂಟ್ ಅದನ್ನು ಮುಂದಿಟ್ಟುಕೊಂಡು ಸಂಖ್ಯೆ ತಾಳೆ ನೋಡಬೇಕು. 2023ರಲ್ಲಿ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಅಂತರದ ಮೇಲೆ. ಊಟದ ಡಬ್ಬಿ, ಟಾರ್ಚ್, ಎರಡು ಪೆನ್ನು ಕಳಿಸಿಕೊಡಿ. ಮೊಬೈಲು ಒಳಗೆ ಬಿಡುವುದಿಲ್ಲ.