ಅವ್ವನ ಹಲ್ಲಿನ ಸೆಟ್‌ಗೆ ಎಷ್ಟು ಸಲ ಓಡಾಡಬೇಕು?

ಶಿರಹಟ್ಟಿ ಕಡೆಯ ಹಳ್ಳಿ, ಬಸ್ ಕಡಿಮೆ, ಅವ್ವನ ಹಲ್ಲಿನ ಸೆಟ್‌ಗೆ ಎಷ್ಟು ಸಲ ಹೋಗಬೇಕು ಅಂತ ಕೇಳಿದ್ದೀರಿ. ಪೂರ್ತಿ ಸೆಟ್‌ಗೆ ಸಾಮಾನ್ಯವಾಗಿ ನಾಲ್ಕೈದು ಸಲ. ಅಚ್ಚು ತೆಗೆಯಬೇಕು, ಕಚ್ಚುವ ಅಳತೆ ನೋಡಬೇಕು, ಹಾಕಿ ನೋಡಬೇಕು, ಆಮೇಲೆ ಸೆಟ್ ಕೊಡುತ್ತಾರೆ. ಕೊಟ್ಟ ಮೇಲೂ ವಸಡಿಗೆ ಒತ್ತುವ ಕಡೆ ಉಜ್ಜಿ ಸರಿಮಾಡಿಸಬೇಕು. ಇದೊಂದನ್ನು ದಯವಿಟ್ಟು ಬಿಡಬೇಡಿ. ದೂರ ಅಂತ ಬಿಟ್ಟ ಎಷ್ಟೋ ಹಿರಿಯರ ಸೆಟ್ ಡಬ್ಬಿಯಲ್ಲೇ ಉಳಿಯುತ್ತದೆ, ರೊಟ್ಟಿ ತಿನ್ನುವ ಆಸೆ ಹಾಗೇ ಇರುತ್ತದೆ. ನೋಡಿದರೆ ಸಂಕಟವಾಗುತ್ತದೆ.

ಮೊದಲ ದಿನವೇ ಡಾಕ್ಟರಿಗೆ ವಾಪಸ್ ಬಸ್ಸಿನ ಸಮಯ ಹೇಳಿಬಿಡಿ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜು ಇದೆ, ಹುಬ್ಬಳ್ಳಿಯಿಂದ ಚಿಗರಿ ಬಸ್ (ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಸ್) ಸಿಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರದ ಉಚಿತ ಹಲ್ಲಿನ ಸೆಟ್ ಯೋಜನೆಯಾದ ದಂತಭಾಗ್ಯದ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ಕೇಳಿ. ಅವ್ವನಿಗೆ ಸಕ್ಕರೆ ಕಾಯಿಲೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ.