ಮಸ್ಟಾಂಗ್‌ಗೆ ಫ್ಲ್ಯಾಪ್ ಬೇಕಾ?

ನೀವು ಕೇಳಿದ್ದು ರೇಡಿಯೊದಿಂದ ಹಾರಿಸುವ, 1400 ಎಂ.ಎಂ. ರೆಕ್ಕೆಯ ಫೋಮ್ ಮಾಡೆಲ್ ವಿಮಾನ ಪಿ-51 ಮಸ್ಟಾಂಗ್‌ಗೆ ಫ್ಲ್ಯಾಪ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗೆ ಬಾಗುವ ಪಟ್ಟಿ) ಕತ್ತರಿಸಿ, ಅದನ್ನು ಆಡಿಸುವ ಸಣ್ಣ ಮೋಟಾರ್ ಅಂದರೆ ಸರ್ವೋ ಕೂರಿಸಬೇಕಾ, ಸುಮ್ನೆ ಹಾಗೇ ಬಿಡಬೇಕಾ ಅಂತ, ಅಲ್ವಾ? ಮೊದಲು ಇಳಿಸುವ ಜಾಗ ನೋಡಿ ಮಾರಾಯ್ರೆ. ಉಡುಪಿ ಕಡೆ ನಮಗೆ ಸಿಗುವುದು ಕೊಯ್ಲು ಮುಗಿದ ಗದ್ದೆ, ಇಲ್ಲವಾದರೆ ಸುತ್ತ ತೆಂಗಿನ ಮರ ಇರುವ ಸಣ್ಣ ಮೈದಾನ. ಮರ ದಾಟಿದ ಮೇಲೆ ಕಡಿದಾಗಿ ಇಳಿಯಬೇಕು, ಆದರೆ ವೇಗ ಏರಬಾರದು. ಅಲ್ಲಿ ಫ್ಲ್ಯಾಪ್ ನಿಜವಾಗಿ ಕೆಲಸಕ್ಕೆ ಬರುತ್ತದೆ, ಅದರಲ್ಲೂ ರಿಟ್ರ್ಯಾಕ್ಟ್ (ಒಳಗೆ ಮಡಚುವ ಚಕ್ರ), ದೊಡ್ಡ ಬ್ಯಾಟರಿ ಅಂತ ತೂಕ ಜಾಸ್ತಿಯಾಗಿದ್ದರೆ. ಮಾಡೆಲ್ ಹಗುರ ಇದ್ದು ರನ್‌ವೇ ಉದ್ದ ಇದ್ದರೆ ಬೇಡ, ಬಿಡಿ.

ಹಾಕುವುದಾದರೆ ಮಿಕ್ಸಿಂಗ್, ಅಂದರೆ ಫ್ಲ್ಯಾಪ್ ಜೊತೆ ಎಲಿವೇಟರೂ ತಾನಾಗಿ ಆಡುವಂತೆ ರೇಡಿಯೊದಲ್ಲಿ ಜೋಡಿಸುವುದು, ಮರೆಯಬೇಡಿ. ಫ್ಲ್ಯಾಪ್ ಇಳಿದ ಕೂಡಲೇ ಸಾಮಾನ್ಯವಾಗಿ ಮೂತಿ ಮೇಲೆದ್ದು ವಿಮಾನ ಉಬ್ಬಿದ ಹಾಗೆ ಏರುತ್ತದೆ, ಅದಕ್ಕೆ ಸ್ವಲ್ಪ ಡೌನ್ ಎಲಿವೇಟರ್ (ಮೂತಿ ಕೆಳಗಾಗುವಂತೆ ಬಾಲದ ಪಟ್ಟಿ ಬಾಗಿಸುವುದು) ಬೇಕು. ಎಷ್ಟು ಅಂತ ಒಳ್ಳೆ ಎತ್ತರದಲ್ಲಿ ಹಾರಿಸಿಯೇ ನೋಡಿ, ನೆಲದ ಹತ್ತಿರ ಪರೀಕ್ಷೆ ಬೇಡ. ಫ್ಲ್ಯಾಪ್ ಎರಡು ಮೂರು ಸೆಕೆಂಡಿನಲ್ಲಿ ನಿಧಾನವಾಗಿ ಇಳಿಯುವಂತೆ ರೇಡಿಯೊದಲ್ಲಿ ಸೆಟ್ ಮಾಡಿ. ಟೇಕಾಫ್‌ಗೆ 10-15 ಡಿಗ್ರಿ ಸಾಕು, ಲ್ಯಾಂಡಿಂಗ್‌ಗೆ 30-40. ಫ್ಲ್ಯಾಪ್ ಪೂರ್ತಿ ಇಳಿಸಿ ಥ್ರಾಟಲ್ ಮುಚ್ಚಿಬಿಟ್ಟರೆ ವೇಗ ಕುಸಿದು, ರೆಕ್ಕೆ ತುದಿ ಸ್ಟಾಲ್ ಆಗಿ (ಎತ್ತುವ ಬಲ ಕಳೆದುಕೊಂಡು) ಒಂದು ಕಡೆ ಮಗುಚುತ್ತದೆ. ವಾರ್‌ಬರ್ಡ್‌ಗಳ, ಅಂದರೆ ಹಳೇ ಯುದ್ಧವಿಮಾನದ ಮಾಡೆಲ್‌ಗಳ, ದೊಡ್ಡ ರೋಗ ಅದೇ. ಹಾಗಾಗಿ ಚಕ್ರ ನೆಲ ಮುಟ್ಟುವವರೆಗೂ ಸ್ವಲ್ಪ ಪವರ್ ಇರಲಿ.

ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರಾದರೆ ಅರ್ಧ ಫ್ಲ್ಯಾಪ್ ಸಾಕು, ಎದುರು ಗಾಳಿಯೇ ವೇಗ ಕಡಿಮೆ ಮಾಡುತ್ತದೆ. ಅಡ್ಡ ಗಾಳಿಗೆ ನಾನು ಫ್ಲ್ಯಾಪ್ ಇಳಿಸುವುದೇ ಇಲ್ಲ.

ಚಂದಕ್ಕಾದರೂ ಬೇಕು ಅಂದರೆ ಅದೂ ಸರಿ. ನಿಜವಾದ ಮಸ್ಟಾಂಗ್‌ನಲ್ಲಿ ಫ್ಲ್ಯಾಪ್ 50 ಡಿಗ್ರಿವರೆಗೆ ಇಳಿಯುತ್ತಿತ್ತು, ಅದೇ ಕಾಲದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ಗೆ ಮೇಲೆ ಮತ್ತು ಕೆಳಗೆ ಎರಡೇ ಸ್ಥಿತಿ. ಬ್ಯಾಟರಿ ಸೇರಿ ಒಟ್ಟು ತೂಕ ಎಷ್ಟು ಹೇಳಿ, ಆಮೇಲೆ ನೋಡುವ.